ಬೇವಿನ ಕೊರಳು

ನಾನು ಒಂದು ಕೊರಳು. ನನಗೆ ತಲೆಯಿಲ್ಲ, ತೋಳಿಲ್ಲ. ಗದ್ದದ ಕೆಳಗೆ ಶುರುವಾಗಿ ಎದೆಯ ಮೇಲ್ಭಾಗಕ್ಕೆ ಮುಗಿದುಹೋಗುತ್ತೇನೆ. ಕರಕುಶಲ ಮೇಳಗಳಲ್ಲಿ ಮಳಿಗೆಯ ಮೇಜಿನ ಮೇಲೆ ಸರ ಹಾಕಿಕೊಂಡು ನಿಂತಿರುತ್ತವಲ್ಲ, ಆ ಪೈಕಿ ನಾನೊಂದು. ಜನ ನೋಡುವುದು ಸರವನ್ನು. ನನ್ನನ್ನು ಯಾರೂ ನೋಡುವುದಿಲ್ಲ. ಅದರ ಬಗ್ಗೆ ನನಗೆ ಬೇಸರವೂ ಇಲ್ಲ, ನನ್ನನ್ನು ಮಾಡಿದ್ದೇ ಅದಕ್ಕಾಗಿ.

ನಾನು ಹುಟ್ಟಿದ್ದು ಧಾರವಾಡದ ಕಾಳಪ್ಪ ಬಡಿಗೇರನ ಅಂಗಡಿಯಲ್ಲಿ. ಯಾರದೋ ಮನೆಯ ಚೌಕಟ್ಟಿಗೆ ಕೊಯ್ದು ಉಳಿದ ಬೇವಿನ ತುಂಡಾಗಿ ನಾನು ಗೋಡೆಗೆ ಒರಗಿಕೊಂಡಿದ್ದೆ. ಒಂದು ದಿನ ಕಸ್ತೂರಿ ಕುಂಬಾರ ಎಂಬ ಹೆಣ್ಣುಮಗಳು ಬಂದಳು. ಮೂವತ್ತೆರಡರ ವಯಸ್ಸು, ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಎಂಟು ವರ್ಷದ ಮಗಳು ವಿದ್ಯಾ ಸೆರಗು ಹಿಡಿದು ನಿಂತಿದ್ದಳು. ಗಡಿಗೆ, ಹರವಿಗಳನ್ನು ಕೇಳುವವರು ಕಡಿಮೆಯಾದಾಗ ಕಸ್ತೂರಿ ಅದೇ ಮಣ್ಣಿನಲ್ಲಿ ಮಣಿ ಹೊಸೆಯಲು ಕಲಿತಿದ್ದಳು. ಸರ, ಜುಮುಕಿ, ಬಳೆ ಎಲ್ಲವನ್ನೂ ಮಾಡಿ ಸುಟ್ಟು ಮೇಳಕ್ಕೆ ಒಯ್ದು, ಹಳೆಯ ಚಾದರದ ಮೇಲೆ ಗುಡ್ಡೆ ಹಾಕಿಕೊಂಡು ಕೂತರೆ ಜನ ಕಡಲೆಕಾಯಿ ರಾಶಿ ದಾಟಿದಂತೆ ದಾಟಿ ಹೋಗುತ್ತಿದ್ದರಂತೆ. ಸರ ಹಾಕಿ ತೋರಿಸಲು ತನಗೊಂದು ಕೊರಳು ಬೇಕು ಎಂದಳು.

ಕಾಳಪ್ಪ ಅಂಥದ್ದನ್ನು ಎಂದೂ ಮಾಡಿದವನಲ್ಲ. ಯಾರ ಅಳತೆ ಇಡಲಿ ಎಂದು ಕೇಳಿದ.

"ನಂದ ಇಡ್ರಿ ಕಾಕಾ. ಮತ್ತೊಬ್ಬರ ಕೊಳ್ಳ ಎಲ್ಲಿಂದ ತರ್ಲಿ?" ಎಂದಳು ಕಸ್ತೂರಿ.

ಕಾಳಪ್ಪ ದಾರ ಕೊಟ್ಟ. ಅವಳೇ ತನ್ನ ಕೊರಳಿಗೆ ಸುತ್ತಿ, ಗಂಟು ಹಾಕಿ, ತಿರುಗಿಸಿ ಕೊಟ್ಟಳು. ಅವನು ಎಂಟು ದಿನ ನನ್ನನ್ನು ಉಳಿಯಿಂದ ಕೆತ್ತಿದ, ಉಪ್ಪು ಕಾಗದ ಹಾಕಿ ತಿಕ್ಕಿದ. ಕೊರಳಿನ ಬುಡದಲ್ಲಿರುವ ಸಣ್ಣ ಗುಳಿಯನ್ನು ಕೆತ್ತುವಾಗ ಮಾತ್ರ ಬಹಳ ಹೊತ್ತು ತೆಗೆದುಕೊಂಡ. ಪದಕ ಕೂರುವ ಜಾಗ ಅದು, ಅಲ್ಲಿ ತಪ್ಪಿದರೆ ಸರ ಓರೆಯಾಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಕಸ್ತೂರಿ ನನಗೆ ತನ್ನ ಮದುವೆ ಸೀರೆಯ ಅಂಚಿನ ಕೆಂಪು ಬಟ್ಟೆ ಸುತ್ತಿದಳು. ಅವಳ ಪ್ರಕಾರ ಅದಕ್ಕಿಂತ ಚೆಂದದ ಬಟ್ಟೆ ಮನೆಯಲ್ಲಿರಲಿಲ್ಲ. ಹುಬ್ಬಳ್ಳಿಯ ಮೇಳದಲ್ಲಿ ನಾನು ಎರಡು ದಿನ ಆ ಕೆಂಪಿನಲ್ಲಿ ನಿಂತೆ, ಯಾರೂ ತಿರುಗಿ ನೋಡಲಿಲ್ಲ. ಎದುರಿನ ಮಳಿಗೆಯಲ್ಲಿ ಕಸೂತಿ ಸೀರೆ ಮಾರುತ್ತಾ ಕೂರುತ್ತಿದ್ದ ಜೈತೂನ್‌ಬಿ ಎರಡು ದಿನ ಸುಮ್ಮನೆ ನೋಡಿ ಮೂರನೆಯ ದಿನ ಎದ್ದು ಬಂದಳು. ಕಸ್ತೂರಿಗಿಂತ ಹತ್ತು ವರ್ಷ ದೊಡ್ಡವಳು, ಮೇಳಗಳಲ್ಲೇ ಕೂದಲು ನರೆತವಳು.

"ಕೆಂಪಿನ ಮ್ಯಾಲೆ ಕೆಂಪು ಮಣ್ಣು ಇಟ್ರ ಯಾರ ಕಣ್ಣಿಗೆ ಬೀಳಬೇಕವಾ? ಬೂದಿ ಬಣ್ಣದ್ದ ಬಟ್ಟಿ ಹಾಕು. ಇರೂದೆಲ್ಲಾ ಒಮ್ಮೆಲೇ ತೋರ್ಸಬ್ಯಾಡ."

ಆ ಮಧ್ಯಾಹ್ನವೇ ಅವಳು ತನ್ನ ಗಂಟಿನಿಂದ ಒಂದು ತುಂಡು ಬೂದು ಬಣ್ಣದ ದಪ್ಪ ಹತ್ತಿ ಬಟ್ಟೆ ತೆಗೆದು ಕೊಟ್ಟಳು. ಕಸ್ತೂರಿ ನನಗೆ ಸುತ್ತಿ, ಒಂದೇ ಒಂದು ಸರ ಹಾಕಿದಳು. ಸುಟ್ಟ ಮಣ್ಣು ಬೂದಿಯಲ್ಲಿಟ್ಟ ಕೆಂಡದ ಹಾಗೆ ಎದ್ದು ಕಂಡಿತು. ಸಂಜೆಯೊಳಗೆ ಆ ಸರ ಹೋಯಿತು, ಅದರ ಬೆನ್ನಿಗೆ ಇನ್ನೊಂದು ಹೋಯಿತು.

ಅಲ್ಲಿಂದ ಮುಂದೆ ಮಳಿಗೆ ಜೋಡಿಸುವುದು ಕಸ್ತೂರಿಗೆ ಮಣಿ ಹೊಸೆಯುವಷ್ಟೇ ಮುಖ್ಯವಾಯಿತು. ಹಣ್ಣಿನ ಪೆಟ್ಟಿಗೆಗಳನ್ನು ಬೋರಲು ಹಾಕಿ ಬಟ್ಟೆ ಹೊದಿಸಿ ಮೆಟ್ಟಿಲು ಮಾಡುತ್ತಿದ್ದಳು. ನನ್ನನ್ನು ಹಿಂದೆ ಎತ್ತರಕ್ಕೆ, ಜುಮುಕಿಗಳನ್ನು ಕಂಡಿ ಕೊರೆದ ಪಟ್ಟಿಯ ಮೇಲೆ ನಡುವೆ, ಬಿಡಿ ಮಣಿಗಳನ್ನು ಬುಟ್ಟಿಯಲ್ಲಿ ಎಲ್ಲಕ್ಕಿಂತ ಮುಂದೆ. ಮಕ್ಕಳು ಕೈಯಾಡಿಸಲಿ, ಮಕ್ಕಳು ನಿಂತರೆ ತಾಯಂದಿರು ನಿಲ್ಲುತ್ತಾರೆ ಎನ್ನುತ್ತಿದ್ದಳು. ದೀಪವನ್ನು ನೆತ್ತಿಯ ಮೇಲೆ ಕಟ್ಟಿದರೆ ಕೆತ್ತನೆ ಸಪ್ಪೆಯಾಗುತ್ತದೆ, ಪಕ್ಕದಲ್ಲಿ ಕಟ್ಟಿದರೆ ಒಂದೊಂದು ಎಸಳಿಗೂ ನೆರಳು ಬೀಳುತ್ತದೆ ಎಂಬುದನ್ನು ಅವಳೇ ಕಂಡುಕೊಂಡಳು. ಕನ್ನಡಿಯನ್ನು ಮಾತ್ರ ಕೈಯಲ್ಲೇ ಹಿಡಿದುಕೊಳ್ಳುತ್ತಿದ್ದಳು. ಒಬ್ಬೊಬ್ಬರ ಎತ್ತರ ಒಂದೊಂದು ಎಂದು.

ಇಷ್ಟೆಲ್ಲದರ ಮೇಲೆ ಅವಳ ದನಿಯಿತ್ತು. ಬೀಸುಕಲ್ಲಿನ ಹಾಡು ಹೇಳಿ ಪಳಗಿದ ದಪ್ಪ, ಬೆಚ್ಚಗಿನ ದನಿ. ಒಂದೊಂದು ಸರಕ್ಕೂ ಅವಳು ಹೆಸರಿಟ್ಟಿದ್ದಳು. ಜೋಳದ ತೆನೆ, ತೊಗರಿ ಹೂ, ಇರುವೆ ಸಾಲು. ಇರುವೆ ಸಾಲು ಎಂದೊಡನೆ ಜನ ನಗುತ್ತಾ ಹತ್ತಿರ ಬಾಗುತ್ತಿದ್ದರು. ಸಣ್ಣ ಕರಿ ಮಣಿಗಳ ನಡುವೆ ಒಂದು ಬಿಳಿ ಅಕ್ಕಿ ಕಾಳಿನಂಥ ಮಣಿ ಇರುತ್ತಿತ್ತು, ಇರುವೆ ಹೊತ್ತೊಯ್ಯುತ್ತಿರುವುದು. ಬೆಳಗಾವಿ, ಕಲಬುರಗಿ, ಮೈಸೂರು ಎಂದು ಹನ್ನೆರಡು ವರ್ಷ ನಾವು ತಿರುಗಿದೆವು. ಮೇಳ ಮುಗಿದಾಗ ನನ್ನನ್ನು ವಿದ್ಯಾಳ ಹಳೆಯ ಶಾಲೆ ಅಂಗಿಯಲ್ಲಿ ಸುತ್ತಿ ಟ್ರಂಕಿನಲ್ಲಿಡುತ್ತಿದ್ದಳು. ಬೀಗ ಹಾಕಿದ ಮೇಲೂ ಬಸ್ಸಿನಲ್ಲಿ ಅವಳು ಯಾರ ಜೊತೆಗೋ ಮಾತಾಡುವುದು ನನಗೆ ಕೇಳುತ್ತಿತ್ತು. ಅವು ನನ್ನ ಒಳ್ಳೆಯ ದಿನಗಳು.

ಆಮೇಲೆ ಒಂದು ಚಳಿಗಾಲ ಅವಳ ದನಿ ಒಡೆಯಿತು. ಮಣಿ ಸುಡುವ ಆವಿಗೆಯ ಹೊಗೆ ಎಂದಳು, ಮಣ್ಣಿನ ಧೂಳು ಎಂದಳು. ಜೈತೂನ್‌ಬಿ ಜ್ಯೇಷ್ಠಮಧು ತಂದುಕೊಟ್ಟಳು, ಬಿಸಿನೀರು ಕುಡಿಸಿದಳು. ಯುಗಾದಿಯ ಹೊತ್ತಿಗೆ ಕಸ್ತೂರಿ ಪಿಸುಮಾತಿನಲ್ಲಿ ಸರಗಳ ಹೆಸರು ಹೇಳುತ್ತಿದ್ದಳು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿನೊಳಗೆ ಕೊಳವೆ ಇಳಿಸಿ ನೋಡಿ, ದನಿಪೆಟ್ಟಿಗೆಯಲ್ಲಿ ಗಡ್ಡೆಯಿದೆ, ಜೀವ ಉಳಿಯಬೇಕಾದರೆ ಅದನ್ನು ಪೂರ್ತಿ ತೆಗೆಯಬೇಕು ಎಂದರಂತೆ. ಅವಳು ಯಾವಾಗ ಒಪ್ಪಿದಳು, ಕೊನೆಯದಾಗಿ ಯಾರೊಂದಿಗೆ ಏನು ಮಾತಾಡಿದಳು ಎಂಬುದು ನನಗೆ ಗೊತ್ತಿಲ್ಲ. ಆಗ ನಾನು ಟ್ರಂಕಿನಲ್ಲಿದ್ದೆ.

ಎರಡು ತಿಂಗಳ ಮೇಲೆ ಟ್ರಂಕು ತೆರೆಯಿತು. ಕಸ್ತೂರಿ ನನ್ನನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅವಳ ಕೊರಳಿಗೆ ಬಿಳಿ ಬಟ್ಟೆ ಕಟ್ಟಿತ್ತು. ಅದನ್ನು ಬಿಚ್ಚಿದಳು. ಕಾಳಪ್ಪ ನನ್ನಲ್ಲಿ ಗುಳಿ ಕೆತ್ತಿದ ಜಾಗದಲ್ಲಿ ಅವಳಿಗೆ ಒಂದು ತೂತಿತ್ತು. ಅವಳ ಉಸಿರು ಮೂಗಿನಿಂದಲ್ಲ, ಅಲ್ಲಿಂದ ಬಂದು ಹೋಗುತ್ತಿತ್ತು. ಅವಳು ಒಂದು ಬೆರಳನ್ನು ನನ್ನ ಗುಳಿಯ ಮೇಲಿಟ್ಟು ಒತ್ತಿ ಹಿಡಿದಳು. ಆಮೇಲೆ ಮತ್ತೆ ಅಂಗಿಯಲ್ಲಿ ಸುತ್ತಿ ಒಳಗಿಟ್ಟಳು. ಆ ವರ್ಷ ನಾವು ಯಾವ ಮೇಳಕ್ಕೂ ಹೋಗಲಿಲ್ಲ.

ಮರುವರ್ಷ ಬೆಳಗಾವಿಗೆ ಹೊರಟೆವು. ವಿದ್ಯಾ ಆಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು, ರಜೆ ಹಾಕಿ ಜೊತೆಗೆ ಬಂದಳು. ಹೊಗೆ, ಒಣ ಧೂಳು ಎರಡೂ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಆವಿಗೆ ಸುಡುವುದು, ಮಣಿ ಉಜ್ಜುವುದು ಅವಳ ಪಾಲಿಗೆ ಬಂದಿತ್ತು. ತಾಯಿ ಹಸಿ ಮಣ್ಣನ್ನಷ್ಟೇ ಮುಟ್ಟುತ್ತಿದ್ದಳು. ಮೊದಲ ದಿನ ಕಸ್ತೂರಿ ಎಂದಿನಂತೆ ಮುಂದೆ ಕೂತು ಕನ್ನಡಿ ಹಿಡಿದಳು. ಒಬ್ಬ ಹೆಂಗಸು ತೊಗರಿ ಹೂವಿನ ಸರ ಕೊರಳಿಗಿಟ್ಟು ನೋಡಿಕೊಳ್ಳುತ್ತಿದ್ದಳು. ಕಸ್ತೂರಿಗೆ ಕೆಮ್ಮು ಬಂತು, ಕಟ್ಟಿದ ಬಟ್ಟೆ ಜಾರಿತು, ತೂತಿನಿಂದ ಗಾಳಿ ಸದ್ದು ಮಾಡುತ್ತಾ ಹೊರಬಿತ್ತು. ಆ ಹೆಂಗಸು ಸರವನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟು, ಮಗುವಿನ ಕೈಹಿಡಿದು ಹೋಗಿಬಿಟ್ಟಳು.

ಮರುದಿನ ಬೆಳಿಗ್ಗೆ ವಿದ್ಯಾ ಹೇಳಿದಳು: "ನೀ ಹಿಂದ ಕುಂದರವ್ವಾ. ನಾ ಮಾತಾಡ್ತೀನಿ."

ತಾಯಿಗೆ ಮತ್ತೊಮ್ಮೆ ಹಾಗಾಗಬಾರದೆಂದು ಅವಳು ಹೇಳಿದ್ದು. ಆದರೆ ಹೇಳುವಾಗ ಅವಳು ತಾಯಿಯ ಮುಖ ನೋಡಲಿಲ್ಲ. ಕಸ್ತೂರಿ ಎದ್ದು ಮಳಿಗೆಯ ಹಿಂಭಾಗದಲ್ಲಿ ಕಟ್ಟಿದ್ದ ಹಳೆಯ ಸೀರೆಯ ಮರೆಗೆ ಹೋಗಿ ಕೂತಳು.

ವಿದ್ಯಾಗೆ ತಾಯಿಯ ಮಾತು ಬಂದಿರಲಿಲ್ಲ. ಗಿರಾಕಿಗಳು ನಿಲ್ಲದೇ ಹೋದಾಗ ಗಾಬರಿಯಾಗಿ ಇದ್ದಬದ್ದುದನ್ನೆಲ್ಲ ಹೊರಗೆ ಹರವಿದಳು. ನನ್ನೊಂದರ ಮೇಲೆಯೇ ಆರು ಸರ ಹೇರಿದಳು. ಯಾವುದು ಎಲ್ಲಿ ಮುಗಿಯುತ್ತದೆಂದು ನನಗೇ ತಿಳಿಯುತ್ತಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವಳು ಊಟ ತರಲು ಹೋದಾಗ ಕಸ್ತೂರಿ ಮರೆಯಿಂದ ಎದ್ದು ಬಂದಳು. ಇರುವೆ ಸಾಲೊಂದನ್ನು ಬಿಟ್ಟು ಉಳಿದ ಸರಗಳನ್ನು ಒಂದೊಂದೇ ತೆಗೆದು ಬುಟ್ಟಿಗೆ ಹಾಕಿದಳು. ಮೇಜಿನ ಅರ್ಧ ಭಾಗವನ್ನು ಬರಿದು ಮಾಡಿದಳು. ಆಮೇಲೆ ಮೇಜಿನ ಆ ತುದಿಯಿಂದ ನನ್ನ ಬುಡದವರೆಗೆ ಬಿಡಿ ಕರಿ ಮಣಿಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಇಟ್ಟಳು. ಅಲ್ಲಲ್ಲಿ ಒಂದು ಬಿಳಿ ಮಣಿ. ಅಲ್ಲಿಂದ ದಾರಕ್ಕೆ ಪೋಣಿಸಿದ ಸಾಲು ನನ್ನ ಮೈಹತ್ತಿ, ಕೊರಳಿನಲ್ಲಿದ್ದ ಸರದಲ್ಲಿ ಸೇರಿಕೊಂಡಿತು. ದೀಪವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಹಿಂದಕ್ಕೆ ಸರಿದಳು.

ವಿದ್ಯಾ ಡಬ್ಬಿ ಹಿಡಿದು ಬಂದಾಗ ಮಳಿಗೆಯ ಮುಂದೆ ಏಳೆಂಟು ಜನ ಬಾಗಿ ನಿಂತಿದ್ದರು. ಒಬ್ಬ ಮುದುಕಿ ಬೆರಳಿಂದ ಸಾಲನ್ನು ಹಿಂಬಾಲಿಸುತ್ತಾ ಪಕ್ಕದವಳಿಗೆ ಹೇಳುತ್ತಿದ್ದಳು, ಇರುವೆ ನೋಡು, ಅಕ್ಕಿ ಹೊತ್ತುಕೊಂಡು ಹೊಂಟಾವ. ವಿದ್ಯಾ ಡಬ್ಬಿ ಕೆಳಗಿಟ್ಟು ಸೀರೆಯ ಮರೆ ಸರಿಸಿದಳು. ತಾಯಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ಮುಂದ ಕುಂದರವ್ವಾ," ಎಂದಳು. ಕನ್ನಡಿಯನ್ನು ತಾಯಿಯ ಕೈಗೆ ಕೊಟ್ಟಳು.

ಊರಿಗೆ ಮರಳಿದ ಮೇಲೆ ಕಸ್ತೂರಿ ಹೊಸ ಕೆಲಸ ಹಿಡಿದಳು. ನನ್ನನ್ನು ಎದುರಿಗಿಟ್ಟುಕೊಂಡು ಹಸಿ ಮಣ್ಣಿನ ತೆಳು ಬಿಲ್ಲೆ ತಟ್ಟಿ, ಸೂಜಿಯಿಂದ ಜಾಲಂದ್ರದ ಹಾಗೆ ಕೊರೆಯುತ್ತಿದ್ದಳು. ಎಸಳು ಎಸಳುಗಳ ನಡುವೆ ಗಾಳಿಯಾಡಬೇಕು, ತೂಕ ಹೂವಿನಷ್ಟಿರಬೇಕು, ಗುಳಿಯ ಮುಂದೆ ನಿಲ್ಲಬೇಕು, ಗುಳಿಗೆ ತಾಗಬಾರದು. ಹಸಿಯಿದ್ದಾಗ ಚೆಂದ ಕಾಣುವುದು ಆವಿಗೆಯಲ್ಲಿ ಸೀಳುತ್ತಿತ್ತು. ಹದಿನಾಲ್ಕು ಬಿಲ್ಲೆ ಹೋದ ಮೇಲೆ ಹದಿನೈದನೆಯದು ಉಳಿಯಿತು, ಒಂದು ತೊಗರಿ ಹೂ. ಮೊದಲು ನನ್ನ ಮೇಲೆ ಹಾಕಿ ನೋಡಿದಳು. ಆಮೇಲೆ ಬಿಳಿ ಬಟ್ಟೆ ಬಿಚ್ಚಿ, ತೆಳು ಜಾಳಿ ಬಟ್ಟೆಯೊಂದನ್ನು ಒಳಗಿಟ್ಟು, ತನ್ನ ಕೊರಳಿಗೆ ಹಾಕಿಕೊಂಡಳು. ವಿದ್ಯಾ ಕನ್ನಡಿ ಹಿಡಿದಳು.

ಮುಂದಿನ ಬೆಳಗಾವಿ ಮೇಳದಲ್ಲಿ ಕಸ್ತೂರಿ ಅದನ್ನು ಹಾಕಿಕೊಂಡೇ ಮುಂದೆ ಕೂತಳು. ಅದೇ ಬೇಕೆಂದು ಕೇಳಿದವರಿಗೆ ವಿದ್ಯಾ ಅದು ಅವ್ವನದು ಎನ್ನುತ್ತಿದ್ದಳು. ನಾಲ್ಕನೆಯ ದಿನ ಗದಗಿನ ಕಡೆಯ ದಂಪತಿ ಬಂದರು. ಹೆಂಡತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಸುಲೋಚನಾ ಟೀಚರು. ಕೊರಳಿಗೆ ಕಟ್ಟಿದ್ದ ಮಫ್ಲರನ್ನು ಕೈಯಿಂದ ಒತ್ತಿ ಹಿಡಿದಿದ್ದರು, ಕಂಕುಳಲ್ಲಿ ಒಂದು ಪಾಟಿ. ಎಂಟು ತಿಂಗಳಿಂದ ಆಕೆ ಹೊಸ್ತಿಲು ದಾಟಿರಲಿಲ್ಲ, ಇವತ್ತು ತಾನೇ ಬಲವಂತ ಮಾಡಿ ಕರೆತಂದೆ ಎಂದು ಗಂಡ ಬಸವಂತಪ್ಪ ವಿದ್ಯಾಗೆ ಮೆಲ್ಲಗೆ ಹೇಳಿದರು.

ಟೀಚರು ಕಸ್ತೂರಿಯ ಕೊರಳನ್ನೇ ನೋಡುತ್ತಾ ನಿಂತರು. ಹೂವಿನ ಎಸಳುಗಳ ಹಿಂದೆ ಜಾಳಿ ಉಸಿರಿಗೆ ಏಳುವುದು, ಇಳಿಯುವುದು ಅವರಿಗೆ ಕಂಡಿತು. ಮಫ್ಲರು ಸಡಿಲಿಸಿದರು. ಪಾಟಿಯ ಮೇಲೆ ಬರೆದು ಮುಂದೆ ಹಿಡಿದರು: ನನಗೂ ಒಂದು.

ಕಸ್ತೂರಿ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬಳಪ ಹಿಡಿದು ದೊಡ್ಡ ದೊಡ್ಡ ಅಕ್ಷರದಲ್ಲಿ ಯಾವ ಹೂ ಎಂದು ಬರೆದಳು. ಟೀಚರು ಸ್ವಲ್ಪ ಯೋಚಿಸಿ ಕುಸುಬೆ ಎಂದು ಬರೆದರು. ಬರೆದು ನಕ್ಕರು. ಸದ್ದಿಲ್ಲದ ನಗು, ಕಸ್ತೂರಿಯೂ ನಕ್ಕಳು. ದಾರ ತೆಗೆದು ಅವರ ಕೊರಳಿನ ಅಳತೆ ತಾನೇ ತೆಗೆದುಕೊಂಡಳು. ಅಂಚೆಯಲ್ಲಿ ಕಳಿಸುತ್ತೇವೆ ಎಂದು ವಿದ್ಯಾ ಹೇಳಿದ್ದಕ್ಕೆ ಟೀಚರು ಬೇಡವೆಂದು ತಲೆಯಾಡಿಸಿ, ನಾನೇ ಬಂದು ಒಯ್ಯುತ್ತೇನೆ, ಮುಂದಿನ ವರ್ಷ, ಇಲ್ಲೇ, ಎಂದು ಬರೆದು ಕೊನೆಯ ಮಾತಿನ ಕೆಳಗೆ ಗೆರೆ ಎಳೆದರು. ಹೋಗುವಾಗ ಮಫ್ಲರು ಕೈಯಲ್ಲಿತ್ತು.

ಆ ಮಳೆಗಾಲ ಕಸ್ತೂರಿಯ ಕಾಯಿಲೆ ಎದೆಗೆ ಇಳಿಯಿತು. ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತು ಕುಸುಬೆ ಹೂವನ್ನು ಕೊರೆದಳು. ಮುಳ್ಳು ಮುಳ್ಳಾದ ಹೂ ಅದು, ತೊಗರಿಯಷ್ಟು ಸುಲಭವಲ್ಲ. ಕೈ ನಡುಗುವ ದಿನ ಮುಟ್ಟುತ್ತಿರಲಿಲ್ಲ. ಒಂದು ಹೂವಿಗೆ ಎರಡು ತಿಂಗಳು ಹಿಡಿಯಿತು. ವಿದ್ಯಾ ಅದೊಂದನ್ನೇ ಆವಿಗೆಯಲ್ಲಿಟ್ಟು ಸುಟ್ಟಳು, ಆರುವವರೆಗೆ ಅಲ್ಲಿಂದ ಕದಲಲಿಲ್ಲ. ಇಡಿಯಾಗಿ ಹೊರಬಂತು. ಕಸ್ತೂರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಸೆರಗಿನ ಮೇಲೆ ಬಿದ್ದ ತೂತು ತೂತಿನ ನೆರಳನ್ನು ನೋಡಿದಳು.

ಏನಾದರೂ ಬೇಕಾದಾಗ ಅವಳು ಒಂದು ಮಣಿಯಿಂದ ಗೋಡೆ ಬಡಿದು ಮಗಳನ್ನು ಕರೆಯುತ್ತಿದ್ದಳು. ದೀಪಾವಳಿಗೆ ಎಂಟು ದಿನ ಇರುವಾಗ ಒಂದು ಬೆಳಿಗ್ಗೆ ಆ ಸದ್ದು ಬರಲಿಲ್ಲ. ಅವ್ವ ಇನ್ನೂ ಮಲಗಿದ್ದಾಳೆಂದು ವಿದ್ಯಾ ಚಹಾ ಇಳಿಸಿ, ಮುಚ್ಚಿಟ್ಟು, ಅಂಗಳ ಗುಡಿಸಿದಳು. ನಾನು ಕಿಟಕಿಯ ಕಟ್ಟೆಯ ಮೇಲಿದ್ದೆ. ನನಗೆ ಗೊತ್ತಾಗಿತ್ತು. ಹೇಳುವ ಬಾಯಿ ನನಗಿಲ್ಲ.

ವಿದ್ಯಾ ಬೆಳಗಾವಿಗೆ ಹೋಗುವುದು ಬೇಡವೆಂದಿದ್ದಳು. ಜೈತೂನ್‌ಬಿ ಧಾರವಾಡದ ಮನೆಗೇ ಬಂದು, ಕೊಟ್ಟ ಮಾತು ಕಸ್ತೂರಿಯದು, ಅದನ್ನು ನೀನು ಮುಟ್ಟಿಸಬೇಕು ಎಂದು ಹೇಳಿ ಹೊರಡಿಸಿದಳು. ಮಳಿಗೆಯಲ್ಲಿ ವಿದ್ಯಾ ನನಗೆ ಕುಸುಬೆ ಹೂವಿನ ಸರ ಒಂದನ್ನೇ ಹಾಕಿ ಎಲ್ಲಕ್ಕಿಂತ ಎತ್ತರಕ್ಕೆ ನಿಲ್ಲಿಸಿದಳು. ದೀಪವನ್ನು ಪಕ್ಕಕ್ಕೆ ಕಟ್ಟಿದಳು. ಅದೇ ಬೇಕೆಂದು ದಿನಕ್ಕೆ ನಾಲ್ಕು ಜನ ಕೇಳಿದರು. ಅದು ಕೊಡುವುದಲ್ಲ ಎಂದಳು. ಒಂಬತ್ತು ದಿನ ಕಾದೆವು. ಮಫ್ಲರು ಕಟ್ಟಿದವರು ಯಾರಾದರೂ ಗೇಟಿನಲ್ಲಿ ಕಂಡರೆ ಅವಳು ಎದ್ದು ನಿಲ್ಲುತ್ತಿದ್ದಳು.

ಕೊನೆಯ ದಿನ ಮಧ್ಯಾಹ್ನ ಬಸವಂತಪ್ಪ ಒಬ್ಬರೇ ಬಂದರು. ಮಳಿಗೆಯ ಮುಂದೆ ನಿಂತು, ಖಾಲಿ ಕುರ್ಚಿಯನ್ನು ನೋಡಿದರು, ವಿದ್ಯಾಳ ಬರಿಯ ಹಣೆಯನ್ನೂ ಮುಖವನ್ನೂ ನೋಡಿದರು. ಟೀಚರು ಶ್ರಾವಣದಲ್ಲಿ ಹೋದರೆಂದು ಹೇಳಿದರು. ಕೊನೆಕೊನೆಗೆ ದಿನ ಎಣಿಸುತ್ತಿದ್ದರಂತೆ, ಮೇಳಕ್ಕೆ ಇನ್ನೆಷ್ಟು ತಿಂಗಳು ಎಂದು ಪಾಟಿಯ ಮೇಲೆ.

ವಿದ್ಯಾ ಸರವನ್ನು ನನ್ನ ಮೇಲಿಂದ ತೆಗೆದು ಅವರ ಕೈಗೆ ಕೊಟ್ಟಳು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದನ್ನ ಹಾಕ್ಕೊಂಡ್ರ ಆಕಿಗೆ ಉಸರಾಡಾಕ ಬರ್ತಿತ್ತೇನವಾ?"

"ಬರ್ತಿತ್ತ್ರಿ," ಎಂದಳು ವಿದ್ಯಾ.

ಅವರು ಹೂವನ್ನು ಮೆಲ್ಲಗೆ ತಮ್ಮ ಬಾಯಿಗೆ ಹಿಡಿದರು. ಕಣ್ಣು ಮುಚ್ಚಿ, ಅದರ ಮೂಲಕ ಒಮ್ಮೆ ಉಸಿರು ಎಳೆದುಕೊಂಡರು, ಬಿಟ್ಟರು. ಇನ್ನೊಮ್ಮೆ ಎಳೆದುಕೊಂಡರು. ಸುತ್ತ ಮೇಳದ ಗದ್ದಲವಿತ್ತು, ಜನ ಅವರನ್ನು ವಿಚಿತ್ರವಾಗಿ ನೋಡುತ್ತಿದ್ದರು. ಆಮೇಲೆ ಎರಡೂ ಕೈಯಿಂದ ಸರವನ್ನು ನನ್ನ ಕೊರಳಿಗೆ ಹಾಕಿ, ಹಿಂದಿನ ಗಂಟನ್ನು ಸರಿಮಾಡಿ, ಹೂ ನೇರವಾಗಿದೆಯೇ ಎಂದು ನೋಡಿದರು.

"ಯಾರಿಗೆ ಬೇಕಾಗ್ತದೋ ಅವರಿಗೆ ಕೊಡವಾ," ಎಂದು ಹೇಳಿ ಹೊರಟುಹೋದರು.

ವಿದ್ಯಾ ಕುರ್ಚಿಯಲ್ಲಿ ಕೂತು ಅತ್ತಳು. ಜೈತೂನ್‌ಬಿ ಎದುರಿನಿಂದ ಬಂದು ಮಳಿಗೆಯ ಮುಂದಿನ ಪರದೆ ಎಳೆದಳು.

ಆಮೇಲೆ ವಿದ್ಯಾ ಎರಡು ವರ್ಷ ಮೇಳಗಳಿಗೆ ಹೋದಳು. ಜಾಲಂದ್ರದ ಹೂ ಮಾಡಲು ಬಹಳ ಪ್ರಯತ್ನಪಟ್ಟಳು. ಒಂದೂ ಆವಿಗೆ ದಾಟಲಿಲ್ಲ. ತಾಯಿ ಮಣ್ಣಿಗೆ ಏನನ್ನು ಎಷ್ಟು ಬೆರೆಸುತ್ತಿದ್ದಳೆಂದು ಅವಳು ಕೇಳಿಟ್ಟುಕೊಂಡಿರಲಿಲ್ಲ. ಕೇಳಬೇಕೆನ್ನಿಸಿದಾಗ ಹೇಳಲು ತಾಯಿಗೆ ದನಿಯಿರಲಿಲ್ಲ, ಬರೆಯಲು ತ್ರಾಣವಿರಲಿಲ್ಲ. ಹಾವೇರಿಯ ಶಾಲೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಹೋಗುವ ಮುಂಚೆ ನನ್ನನ್ನೂ ಸರವನ್ನೂ ಒಯ್ದು ಹುಬ್ಬಳ್ಳಿಯ ಅದೇ ಆಸ್ಪತ್ರೆಯ ಗಂಟಲು ವಿಭಾಗದ ಸಿಸ್ಟರ್ ಕೈಗೆ ಒಪ್ಪಿಸಿದಳು. ಅಲ್ಲೊಂದು ಕೋಣೆಯಿದೆ. ದನಿಪೆಟ್ಟಿಗೆ ತೆಗೆಸಿಕೊಂಡವರು ಮನೆಗೆ ಹೋಗುವ ಮುಂಚೆ ಅಲ್ಲಿ ಬಂದು ಕನ್ನಡಿಯ ಮುಂದೆ ತೂತು ಶುಚಿ ಮಾಡಿಕೊಳ್ಳುವುದನ್ನು, ಬಟ್ಟೆ ಕಟ್ಟಿಕೊಳ್ಳುವುದನ್ನು ಕಲಿಯುತ್ತಾರೆ. ಕನ್ನಡಿಯ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದರು.

ಕುಸುಬೆ ಹೂ ಅಲ್ಲಿ ಬಹಳ ದಿನ ಇರಲಿಲ್ಲ. ನವಲಗುಂದದಿಂದ ಬಂದಿದ್ದ, ಹೂವು ಮಾರುವ ಒಬ್ಬ ಹೆಂಗಸು ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಸಿಸ್ಟರ್ ಅವಳ ಕೊರಳಿಗೆ ಹಾಕಿ ಕಳಿಸಿದಳು. ನಾನು ಬರಿಗೊರಳಾಗಿ ಉಳಿದೆ.

ಒಂದು ದಿನ ಹರೆಯದ ಹುಡುಗಿಯೊಬ್ಬಳನ್ನು ಕರೆತಂದರು. ಬ್ಯಾಂಡೇಜು ಬಿಚ್ಚಿ ಅವಳು ಕನ್ನಡಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಗಾಯವಿಲ್ಲದ ನನ್ನ ನುಣುಪು ಕೊರಳನ್ನು. ಅಲ್ಲಿದ್ದ ಟವೆಲ್ಲು ತೆಗೆದು ನನ್ನ ಮೇಲೆ ಮುಚ್ಚಿದಳು. ಅವಳು ಮಾಡಿದ್ದು ಸರಿ. ಅಷ್ಟು ದಿನ ಅಲ್ಲಿ ನಿಂತು ನಾನು ಎಷ್ಟು ಜನರನ್ನು ನೋಯಿಸಿದ್ದೆನೋ, ಅವರಿಗೆ ಹೇಳಲು ದನಿಯಿರಲಿಲ್ಲ. ಸಿಸ್ಟರ್ ನನ್ನನ್ನು ಎತ್ತಿ ಕಬ್ಬಿಣದ ಕಪಾಟಿನ ಹಿಂದೆ ಇಟ್ಟಳು.

ಈಗ ನಾನಿರುವುದು ಅಲ್ಲಿಯೇ. ಬುಡ ಬಿರುಕು ಬಿಟ್ಟಿದೆ, ಬಟ್ಟೆ ಪಿಸಿದುಹೋಗಿದೆ. ಏನೂ ಕಾಣುವುದಿಲ್ಲ, ಕೇಳುತ್ತದೆ. ಪ್ರತಿ ಶನಿವಾರ ಒಬ್ಬರು ಬಂದು, ದನಿಪೆಟ್ಟಿಗೆ ಇಲ್ಲದವರಿಗೆ ಅನ್ನನಾಳಕ್ಕೆ ಗಾಳಿ ನುಂಗಿ ಅದರಿಂದ ಮಾತು ಹೊರಡಿಸುವುದನ್ನು ಕಲಿಸುತ್ತಾರೆ. ಮೊದಲು ಬರೀ ತೇಗು ಬರುತ್ತದೆ. ಕೆಲವರು ನಾಚಿ ಎದ್ದು ಹೋಗುತ್ತಾರೆ. ಕೂತವರು ತಿಂಗಳುಗಟ್ಟಲೆ ಒಂದೇ ಅಕ್ಷರವನ್ನು ಒದ್ದಾಡುತ್ತಾರೆ. ಮೊದಲು ಕಲಿಸುವ ಮಾತು 'ಬಾ'. ತುಟಿ ಮುಚ್ಚಿ ತೆರೆದರೆ ಸಾಕು, ಎಲ್ಲಕ್ಕಿಂತ ಸುಲಭ ಅಂತೆ.

ಕಸ್ತೂರಿಗೆ ಇಂಥದ್ದೊಂದು ಇದೆಯೆಂದು ಯಾರೂ ಹೇಳಿರಲಿಲ್ಲ.

ಕಳೆದ ಶನಿವಾರ ಯಾರೋ ಒಬ್ಬ ಹೆಂಗಸು, ಕಪಾಟಿನ ಆಚೆ, ಬಹಳ ಹೊತ್ತು ಗಾಳಿ ನುಂಗಿ ನುಂಗಿ ಕೊನೆಗೆ ಅದನ್ನು ಅಂದಳು. ಒರಟು ದನಿ, ಮರ ಕೊಯ್ದ ಹಾಗೆ. ಬಾ ಅಂದಳು. ಇನ್ನೊಮ್ಮೆ ಬಾ ಅಂದಳು. ಬಾಗಿಲ ಕಡೆ ಕುರ್ಚಿ ಸರಿದ ಸದ್ದು ಕೇಳಿತು. ಹೊರಗೆ ಬಾಗಿಲಲ್ಲಿ ಕೂತಿದ್ದ ಅವಳ ಗಂಡ ಎದ್ದು ಒಳಗೆ ಬಂದ.